ಲೂಪ್ ಅನಿಮೇಶನ್: ಫ್ರೇಮ್ ಎಣಿಸಬೇಡಿ, ಗಡಿಯಾರ ನೋಡಿ

ಆಫೀಸಿನ ಮಾನಿಟರ್ ಮೇಲೆ ಹದವಾಗಿ ತಿರುಗುತ್ತಿದ್ದ ಲೋಡಿಂಗ್ ಚಕ್ರ ಗ್ರಾಹಕರ ಹೊಸ ಮೊಬೈಲ್‌ಗೆ ಹೋದ ಕೂಡಲೇ ಎರಡು ಪಟ್ಟು ವೇಗದಲ್ಲಿ ಗಿರಗಿರನೆ ಸುತ್ತತೊಡಗುತ್ತದೆ. ಅದೇ ಚಕ್ರ ಹಳೆಯ ಲ್ಯಾಪ್‌ಟಾಪ್‌ನಲ್ಲಿ ಕುಂಟುತ್ತದೆ. ಕೋಡ್‌ನಲ್ಲಿ ಒಂದಕ್ಷರವೂ ಬದಲಾಗಿಲ್ಲ. ಬದಲಾಗಿದ್ದು ಪರದೆ ಮಾತ್ರ.

ಇಂಥ ಕೋಡ್ ತೆರೆದು ನೋಡಿದರೆ ಸಾಮಾನ್ಯವಾಗಿ ಸಿಗುವುದು ಒಂದೇ ಸಾಲು: ಪ್ರತಿ ಫ್ರೇಮ್‌ಗೂ ಚಕ್ರವನ್ನು 6 ಡಿಗ್ರಿ ತಿರುಗಿಸು. ಸೆಕೆಂಡಿಗೆ 60 ಸಲ ರಿಫ್ರೆಶ್ ಆಗುವ ಮಾನಿಟರ್‌ನಲ್ಲಿ 60 ಸಲ 6 ಅಂದರೆ 360 ಡಿಗ್ರಿ, ಸೆಕೆಂಡಿಗೆ ಸರಿಯಾಗಿ ಒಂದು ಸುತ್ತು. 120 ಹರ್ಟ್ಸ್‌ನ ಮೊಬೈಲ್‌ನಲ್ಲಿ ಅದೇ ಸುತ್ತು ಅರ್ಧ ಸೆಕೆಂಡಿಗೆ ಮುಗಿಯುತ್ತದೆ. 90 ಹರ್ಟ್ಸ್ ಆದರೆ ಸುಮಾರು 0.67 ಸೆಕೆಂಡು. ಕೋಡ್ ಬರೆದವರು ವೇಗವನ್ನು ತೀರ್ಮಾನಿಸಲೇ ಇಲ್ಲ, ಪರದೆಯ ಕೈಗೆ ಬಿಟ್ಟರು.

ಈ ತೊಂದರೆ ಹಳೆಯದು. 1978ರಲ್ಲಿ ಜಪಾನಿನ ಟೈಟೊ ಕಂಪನಿಗಾಗಿ ತೊಮೊಹಿರೊ ನಿಶಿಕಾಡೊ ರೂಪಿಸಿದ ‘ಸ್ಪೇಸ್ ಇನ್ವೇಡರ್ಸ್’ ಆಟದಲ್ಲಿ ಶತ್ರುಗಳು ಸಾಯುತ್ತಾ ಹೋದಂತೆ ಉಳಿದವರ ಓಟ ಜೋರಾಗುತ್ತಿತ್ತು. ಸರಿಸಬೇಕಾದ ಆಕೃತಿಗಳು ಕಡಿಮೆಯಾದಂತೆ ಒಂದು ಸುತ್ತಿನ ಕೆಲಸ ಬೇಗ ಮುಗಿಯುತ್ತಿದ್ದುದೇ ಇದಕ್ಕೆ ಕಾರಣ. ನಿಶಿಕಾಡೊ ಅದನ್ನು ಆಟದ ರೋಚಕತೆಗೇ ಬಳಸಿಕೊಂಡರು. ಎಲ್ಲರಿಗೂ ಆ ಅದೃಷ್ಟ ಇರುವುದಿಲ್ಲ. 2014ರಲ್ಲಿ ಬಂದ ‘ಡಾರ್ಕ್ ಸೋಲ್ಸ್ 2’ ಆಟದ ಪಿಸಿ ಆವೃತ್ತಿ ಸೆಕೆಂಡಿಗೆ 60 ಫ್ರೇಮ್ ಓಡುವಾಗ ಆಯುಧಗಳು 30 ಫ್ರೇಮ್‌ನ ಆವೃತ್ತಿಗಿಂತ ಬೇಗ ಸವೆದು ಹೋಗುತ್ತಿದ್ದವು. ಸವೆತದ ಲೆಕ್ಕ ಫ್ರೇಮ್‌ಗೆ ಅಂಟಿಕೊಂಡಿತ್ತು.

ಆದ್ದರಿಂದ ಮೊದಲ ಪಾಠ: ಫ್ರೇಮ್ ಎಂಬುದು ಚಿತ್ರ ಬಿಡಿಸಲು ಸಿಕ್ಕ ಒಂದು ಅವಕಾಶ, ಅಷ್ಟೇ. ಅದು ಕಾಲದ ಅಳತೆಗೋಲಲ್ಲ.

ಮೂರು ಹೆಜ್ಜೆಯ ಲೆಕ್ಕ

ಲೂಪ್ ಶುರುವಾದ ಕ್ಷಣವನ್ನು ಒಂದು ಕಡೆ ಬರೆದಿಟ್ಟುಕೊಳ್ಳಿ. ಪ್ರತಿ ಸಲ ಚಿತ್ರ ಬಿಡಿಸುವಾಗ ಈಗಿನ ಸಮಯದಿಂದ ಆ ಕ್ಷಣವನ್ನು ಕಳೆಯಿರಿ. ಬಂದ ಉತ್ತರವನ್ನು ಲೂಪಿನ ಅವಧಿಯಿಂದ ಭಾಗಿಸಿ, ಉಳಿದ ಶೇಷವನ್ನು ಮತ್ತೆ ಅವಧಿಯಿಂದ ಭಾಗಿಸಿದರೆ 0ಯಿಂದ 1ರೊಳಗಿನ ಒಂದು ಭಿನ್ನರಾಶಿ ಸಿಗುತ್ತದೆ. ಈ ಸುತ್ತಿನಲ್ಲಿ ಎಷ್ಟು ದೂರ ಬಂದಿದ್ದೇವೆ ಎಂಬುದೇ ಆ ಸಂಖ್ಯೆ.

ಉದಾಹರಣೆಗೆ ಚಕ್ರದ ಅವಧಿ 2,000 ಮಿಲಿಸೆಕೆಂಡು, ಶುರುವಾಗಿ 7,500 ಮಿಲಿಸೆಕೆಂಡು ಕಳೆದಿದೆ ಎನ್ನೋಣ. ಶೇಷ 1,500. ಅವಧಿಯಿಂದ ಭಾಗಿಸಿದರೆ 0.75. ಚಕ್ರ ಈಗ 270 ಡಿಗ್ರಿಯಲ್ಲಿ ಇರಬೇಕು. ನಡುವೆ ಎಷ್ಟು ಫ್ರೇಮ್ ಬಂದವು, ಎಷ್ಟು ತಪ್ಪಿದವು ಎಂಬುದು ಈ ಲೆಕ್ಕಕ್ಕೆ ಬೇಕೇ ಇಲ್ಲ. ಮೊಬೈಲ್ ಬಿಸಿಯಾಗಿ ಹತ್ತು ಫ್ರೇಮ್ ನುಂಗಿದರೂ ಹನ್ನೊಂದನೆಯ ಫ್ರೇಮ್‌ನಲ್ಲಿ ಚಕ್ರ ತನ್ನ ಸರಿಯಾದ ಜಾಗದಲ್ಲೇ ಕಾಣಿಸಿಕೊಳ್ಳುತ್ತದೆ.

ಬಿಡಿ ಚಿತ್ರಗಳ ಸರಣಿಗೂ ಇದೇ ಲೆಕ್ಕ. ಓಡುವ ಮನುಷ್ಯನ 8 ಚಿತ್ರಗಳನ್ನು ಸೆಕೆಂಡಿಗೆ 12ರಂತೆ ತೋರಿಸಬೇಕೆಂದರೆ, ಕಳೆದ ಸೆಕೆಂಡುಗಳನ್ನು 12ರಿಂದ ಗುಣಿಸಿ, ದಶಾಂಶ ಬಿಟ್ಟು, 8ರಿಂದ ಭಾಗಿಸಿದ ಶೇಷವೇ ಚಿತ್ರದ ಸಂಖ್ಯೆ. 60 ಹರ್ಟ್ಸ್ ಪರದೆಯಲ್ಲಿ ಒಂದೊಂದು ಚಿತ್ರವೂ ಸರಿಯಾಗಿ 5 ರಿಫ್ರೆಶ್ ಕಾಲ ನಿಲ್ಲುತ್ತದೆ. ಸೆಕೆಂಡಿಗೆ 24 ಚಿತ್ರ ಬೇಕೆಂದರೆ ಮಾತ್ರ ಒಂದು ಚಿತ್ರ 2, ಇನ್ನೊಂದು 3 ರಿಫ್ರೆಶ್ ಕಾಲ ನಿಂತು ಸಣ್ಣ ಅದುರು ಕಾಣಿಸುತ್ತದೆ. 60ನ್ನು ನಿಶ್ಶೇಷವಾಗಿ ಭಾಗಿಸುವ 10, 12, 15, 20, 30ರಂಥ ವೇಗಗಳು ಕಣ್ಣಿಗೆ ಹಿತವಾಗಿರುವುದು ಇದಕ್ಕೇ.

ಟೈಮರ್ ಎಷ್ಟು ನಂಬಿಕಸ್ಥ?

ಫ್ರೇಮ್ ನಂಬುವಂತಿಲ್ಲ ಎಂದ ಕೂಡಲೇ ಹೊಸಬರ ಕೈ ಹೋಗುವುದು ಟೈಮರ್‌ನತ್ತ. 16 ಮಿಲಿಸೆಕೆಂಡಿಗೊಮ್ಮೆ ಕರೆ ಎಂದು ಟೈಮರ್ ಇಟ್ಟರೆ ಕೆಲಸ ಮುಗಿಯಿತು ಎಂಬ ನಂಬಿಕೆ. ಆದರೆ ಟೈಮರ್ ಸಾಮಾನ್ಯವಾಗಿ ಕೊಡುವ ಮಾತು ‘ಇಷ್ಟು ಹೊತ್ತಿಗೆ ಸರಿಯಾಗಿ’ ಎಂದಲ್ಲ, ‘ಇಷ್ಟು ಹೊತ್ತಿಗಿಂತ ಮುಂಚೆ ಅಲ್ಲ’ ಎಂಬುದಷ್ಟೇ.

ವಿಂಡೋಸ್‌ನ ಸಾಮಾನ್ಯ ಟಿಕ್ಕು 15.6 ಮಿಲಿಸೆಕೆಂಡಿನದು. ವಿಂಡೋಸ್ ಫಾರ್ಮ್ಸ್‌ನ ಟೈಮರ್ 55 ಮಿಲಿಸೆಕೆಂಡಿಗಿಂತ ನಿಖರವಲ್ಲ ಎಂದು ಮೈಕ್ರೋಸಾಫ್ಟ್‌ನ ದಸ್ತಾವೇಜೇ ಹೇಳುತ್ತದೆ. ಕ್ಯೂಟಿಯಲ್ಲಿ ಕ್ಯೂಟೈಮರ್ ಏನೂ ಹೇಳದಿದ್ದರೆ ‘ಕೋರ್ಸ್’ ಬಗೆಯದಾಗಿರುತ್ತದೆ, ಶೇ 5ರಷ್ಟು ಆಚೀಚೆ ಆಗುವ ಹಕ್ಕು ಅದಕ್ಕಿದೆ; ನಿಖರತೆ ಬೇಕಾದರೆ ‘ಪ್ರಿಸೈಸ್’ ಬಗೆಯನ್ನು ಕೇಳಿ ಪಡೆಯಬೇಕು. ಬ್ರೌಸರ್‌ಗಳು ಒಂದರೊಳಗೊಂದು ಕರೆಯುವ ಟೈಮರ್‌ಗಳಿಗೆ ಕನಿಷ್ಠ 4 ಮಿಲಿಸೆಕೆಂಡಿನ ಮಿತಿ ಹಾಕುತ್ತವೆ. ಟ್ಯಾಬ್ ಮರೆಯಾದರೆ ಸೆಕೆಂಡಿಗೊಮ್ಮೆ ಮಾತ್ರ ಕರೆ. 2021ರ ಜನವರಿಯಲ್ಲಿ ಬಂದ ಕ್ರೋಮ್ 88ರಿಂದೀಚೆಗೆ, 5 ನಿಮಿಷಕ್ಕಿಂತ ಹೆಚ್ಚು ಕಾಲ ಮರೆಯಲ್ಲಿರುವ ಪುಟದ ಟೈಮರ್‌ಗಳಿಗೆ, ಕೆಲವು ಷರತ್ತುಗಳಿಗೆ ಒಳಪಟ್ಟು, ನಿಮಿಷಕ್ಕೊಂದೇ ಸರದಿ.

ತಡ ಸಣ್ಣದಾದರೂ ಕೂಡುತ್ತಾ ಹೋಗುವುದು ದೊಡ್ಡ ಸಂಕಟ. ಅರ್ಧ ಸೆಕೆಂಡಿಗೊಮ್ಮೆ ಮಿನುಗುವ ದೀಪವೊಂದು ಪ್ರತಿ ಸಲ ಮಿನುಗಿದ ಮೇಲೆ ‘ಇನ್ನು 500 ಮಿಲಿಸೆಕೆಂಡಿಗೆ ಕರೆ’ ಎಂದು ಹೇಳಿಕೊಳ್ಳುತ್ತದೆ ಎನ್ನೋಣ. ಪ್ರತಿ ಕರೆ ಬರೀ 4 ಮಿಲಿಸೆಕೆಂಡು ತಡವಾದರೂ 7,200 ಕರೆಗಳ ಹೊತ್ತಿಗೆ ದೀಪ 28.8 ಸೆಕೆಂಡು ಹಿಂದೆ ಬಿದ್ದಿರುತ್ತದೆ. ಬಸ್ಸು ನಿಲ್ದಾಣಕ್ಕೆ ಬಂದ 20 ನಿಮಿಷಕ್ಕೆ ಮುಂದಿನ ಟ್ರಿಪ್ ಎಂದು ನಿಯಮ ಮಾಡಿದರೆ ಬೆಳಗಿನ ಸಣ್ಣ ತಡ ಸಂಜೆಯವರೆಗೂ ಬೆಳೆಯುತ್ತದೆ, 7.20, 7.40, 8.00 ಎಂದು ವೇಳಾಪಟ್ಟಿ ಹಾಕಿದರೆ ಒಂದು ಟ್ರಿಪ್ಪಿನ ತಡ ಆ ಟ್ರಿಪ್ಪಿಗೇ ಮುಗಿಯುತ್ತದೆ. ಟೈಮರ್ ಬಳಸಲೇಬೇಕಾದಾಗ ಮಾಡಬೇಕಾದದ್ದೂ ಇಷ್ಟೇ. ಮುಂದಿನ ಕರೆ ಯಾವ ಕ್ಷಣಕ್ಕೆ ಬರಬೇಕೆಂದು ಆರಂಭದ ಸಮಯದಿಂದ ಲೆಕ್ಕ ಹಾಕಿ, ಅಲ್ಲಿಗೆ ಎಷ್ಟು ಉಳಿದಿದೆಯೋ ಅಷ್ಟಕ್ಕೆ ಟೈಮರ್ ಇಡುವುದು.

ಇನ್ನು 16 ಮಿಲಿಸೆಕೆಂಡು ಎಂಬ ಜನಪ್ರಿಯ ಸಂಖ್ಯೆ. 60 ಹರ್ಟ್ಸ್‌ನ ಒಂದು ಫ್ರೇಮ್ 16.67 ಮಿಲಿಸೆಕೆಂಡಿನದು. ಟೈಮರ್ 16ಕ್ಕೆ ಕರಾರುವಾಕ್ಕಾಗಿ ಬಂದರೂ 400 ಮಿಲಿಸೆಕೆಂಡಿನಲ್ಲಿ ಅದು 25 ಸಲ ಬಡಿದಿರುತ್ತದೆ, ಪರದೆ 24 ಸಲ ಮಾತ್ರ ರಿಫ್ರೆಶ್ ಆಗಿರುತ್ತದೆ. ಅಂದರೆ ಸೆಕೆಂಡಿಗೆ ಎರಡೂವರೆ ಸಲ ಒಂದು ಹೆಜ್ಜೆ ಯಾರಿಗೂ ಕಾಣದೆ ಹೋಗಿ ಚಲನೆ ಮುಗ್ಗರಿಸುತ್ತದೆ. ನಯವಾದ ಚಲನೆಗೆ ಪರದೆಯ ರಿಫ್ರೆಶ್‌ಗೇ ಕಟ್ಟಿದ ಕರೆ ಬೇಕು. ಬ್ರೌಸರ್‌ನಲ್ಲಿ ಅದು ರಿಕ್ವೆಸ್ಟ್‌ಅನಿಮೇಶನ್‌ಫ್ರೇಮ್, ಆಂಡ್ರಾಯ್ಡ್‌ನಲ್ಲಿ 2012ರ ಜೆಲ್ಲಿ ಬೀನ್ ಜೊತೆ ಬಂದ ಕೋರಿಯೋಗ್ರಾಫರ್, ಐಫೋನ್‌ನಲ್ಲಿ ಸಿಎಡಿಸ್‌ಪ್ಲೇಲಿಂಕ್, ಫ್ಲಟರ್‌ನಲ್ಲಿ ಟಿಕರ್, ಜಾವಾಎಫ್ಎಕ್ಸ್‌ನಲ್ಲಿ ಅನಿಮೇಶನ್‌ಟೈಮರ್, ಡಬ್ಲ್ಯುಪಿಎಫ್‌ನಲ್ಲಿ ಕಾಂಪೊಸಿಷನ್‌ಟಾರ್ಗೆಟ್‌ನ ರೆಂಡರಿಂಗ್ ಈವೆಂಟ್. ಇವುಗಳಲ್ಲಿ ಹೆಚ್ಚಿನವು ಕರೆಯ ಜೊತೆಗೇ ಸಮಯವನ್ನೂ ಕೈಗಿಡುತ್ತವೆ. ಬ್ರೌಸರ್‌ನಲ್ಲಿ ಒಂದು ಫ್ರೇಮ್‌ನ ಎಲ್ಲ ಕರೆಗಳಿಗೂ ಒಂದೇ ಸಮಯ ಸಿಗುವುದರಿಂದ ಹತ್ತು ಚಕ್ರಗಳಿದ್ದರೂ ಹೊಂದಿಕೊಂಡೇ ತಿರುಗುತ್ತವೆ. ಸಿಕ್ಕ ಆ ಸಮಯವನ್ನೇ ಬಳಸಿ, ಮತ್ತೆ ಗಡಿಯಾರ ಕೇಳುವ ಅಗತ್ಯವಿಲ್ಲ.

ಪೈಥಾನ್‌ನ ಟಿಕಿಂಟರ್‌ನಂಥ ಸರಳ ಲೈಬ್ರರಿಯಲ್ಲಿ ಈ ಸೌಲಭ್ಯ ಇಲ್ಲ, ‘ಆಫ್ಟರ್’ ಎಂಬ ಟೈಮರ್ ಒಂದೇ ಗತಿ. ಅಲ್ಲಿ ಆಫ್ಟರ್ ಬಳಸಿ, ಸ್ಥಾನದ ಲೆಕ್ಕವನ್ನು ಮಾತ್ರ ಗಡಿಯಾರದಿಂದ ಮಾಡಿದರೆ ಸಾಕು. ಮುಖ್ಯ ಥ್ರೆಡ್‌ನಲ್ಲಿ ‘ಸ್ಲೀಪ್’ ಬರೆದು ಲೂಪ್ ಓಡಿಸುವುದು ಮಾತ್ರ ಎಂದಿಗೂ ಸಲ್ಲದು. ಸ್ಲೀಪ್ ಮಾಡಿದಷ್ಟು ಹೊತ್ತು ಬಟನ್ ಒತ್ತಿದರೂ ಕೇಳಿಸಿಕೊಳ್ಳುವವರಿಲ್ಲದೆ ಇಡೀ ಕಿಟಕಿ ಸ್ತಬ್ಧವಾಗುತ್ತದೆ.

ಗಡಿಯಾರದಲ್ಲೂ ಎರಡು ಬಗೆ ಇದೆ. ದಿನಾಂಕ, ಗಂಟೆ ಹೇಳುವ ಗಡಿಯಾರವನ್ನು ಇಂಟರ್‌ನೆಟ್ ಸರ್ವರ್ ತಿದ್ದುತ್ತಿರುತ್ತದೆ. ಅದು ಹಿಂದಕ್ಕೂ ಜಿಗಿಯಬಹುದು. 2017ರ ಜನವರಿ 1ರಂದು, ಭಾರತದಲ್ಲಿ ಬೆಳಗಿನ 5.30 ಆಗಿದ್ದಾಗ, ಜಗತ್ತಿನ ಗಡಿಯಾರಗಳಿಗೆ ಒಂದು ಅಧಿಕ ಸೆಕೆಂಡು ಸೇರಿತು. ಆಗ ಕ್ಲೌಡ್‌ಫ್ಲೇರ್ ಕಂಪನಿಯ ಡಿಎನ್ಎಸ್ ತಂತ್ರಾಂಶದ ಲೆಕ್ಕದಲ್ಲಿ ಕಳೆದ ಸಮಯ ಋಣಸಂಖ್ಯೆಯಾಗಿ ಬಂದು ಸೇವೆಯ ಒಂದು ಭಾಗ ಕುಸಿಯಿತು. ಅನಿಮೇಶನ್‌ಗೆ ಬೇಕಾದದ್ದು ಮುಂದಕ್ಕೆ ಮಾತ್ರ ಓಡುವ ಗಡಿಯಾರ: ಜಾವಾಸ್ಕ್ರಿಪ್ಟ್‌ನ ಪರ್ಫಾರ್ಮೆನ್ಸ್ ನೌ, ಪೈಥಾನ್‌ನ ಮೊನೊಟೊನಿಕ್, ಜಾವಾದ ನ್ಯಾನೊಟೈಮ್, ಕ್ಯೂಟಿಯ ಎಲ್ಯಾಪ್ಸ್ಡ್‌ಟೈಮರ್, ಸಿ ಶಾರ್ಪ್‌ನ ಸ್ಟಾಪ್‌ವಾಚ್.

ಸಿದ್ಧ ಸಾಧನಗಳ ಒಳಸುಳಿ

ಲೆಕ್ಕವನ್ನೆಲ್ಲ ತಾವೇ ಮಾಡಬೇಕೆಂದೇನಿಲ್ಲ. ಸಿಎಸ್ಎಸ್‌ನಲ್ಲಿ ‘ಇನ್ಫಿನಿಟ್’, ಕ್ಯೂಟಿಯಲ್ಲಿ ಲೂಪ್ ಎಣಿಕೆಗೆ −1, ಜಾವಾಎಫ್ಎಕ್ಸ್‌ನಲ್ಲಿ ‘ಇಂಡೆಫಿನಿಟ್’, ಡಬ್ಲ್ಯುಪಿಎಫ್‌ನಲ್ಲಿ ‘ಫಾರ್ಎವರ್’ ಎಂದರೆ ಲೂಪ್ ತಾನಾಗಿ ಓಡುತ್ತದೆ. ಸಾಧ್ಯವಿರುವಲ್ಲೆಲ್ಲ ಇದನ್ನೇ ಬಳಸುವುದು ಜಾಣತನ. ಆದರೆ ಇಂಥ ಸಾಧನಗಳ ಹಲವು ಡೀಫಾಲ್ಟ್‌ಗಳು ಲೂಪ್‌ಗಾಗಿ ಮಾಡಿದವಲ್ಲ, ಒಂದೇ ಸಲ ಓಡಿ ನಿಲ್ಲುವ ಚಲನೆಗಾಗಿ ಮಾಡಿದವು. ಎಡವುವುದು ಅಲ್ಲೇ.

ಸಿಎಸ್ಎಸ್‌ನ ಡೀಫಾಲ್ಟ್ ‘ಈಸ್’: ಮೆಲ್ಲಗೆ ಹೊರಟು, ವೇಗ ಪಡೆದು, ಮೆಲ್ಲಗೆ ನಿಲ್ಲುವ ನಡೆ. ಆಂಡ್ರಾಯ್ಡ್‌ನ ವ್ಯಾಲ್ಯೂಅನಿಮೇಟರ್, ಜಾವಾಎಫ್ಎಕ್ಸ್‌ನ ರೊಟೇಟ್‌ಟ್ರಾನ್ಸಿಷನ್ ಎರಡರದ್ದೂ ಹೆಚ್ಚುಕಡಿಮೆ ಇದೇ ಸ್ವಭಾವ. ಬಟನ್ ಜಾರಿ ಬರುವಾಗ ಇದು ಚೆಂದ. ತಿರುಗುವ ಚಕ್ರಕ್ಕೆ ಹಾಕಿದರೆ ಪ್ರತಿ ಸುತ್ತಿನ ಕೊನೆಯಲ್ಲೂ ಚಕ್ರ ಉಸಿರು ಹಿಡಿದಂತೆ ನಿಂತು ಮತ್ತೆ ಹೊರಡುತ್ತದೆ. ಒಂದೇ ಸಮನೆ ತಿರುಗಬೇಕಾದದ್ದಕ್ಕೆ ‘ಲೀನಿಯರ್’ ಎಂದು ಬಾಯಿಬಿಟ್ಟು ಹೇಳಲೇಬೇಕು.

ಎರಡನೆಯದು ಡಿಲೇ. ಗಂಟೆಯ ಐಕಾನ್ 1 ಸೆಕೆಂಡು ಅಲುಗಾಡಿ, 2 ಸೆಕೆಂಡು ಸುಮ್ಮನಿದ್ದು, ಮತ್ತೆ ಅಲುಗಬೇಕು ಎನ್ನುವವರು ಅನಿಮೇಶನ್ ಡಿಲೇಗೆ 2 ಸೆಕೆಂಡು ಕೊಟ್ಟು ಕಾಯುತ್ತಾರೆ. ಆ ಡಿಲೇ ಅನ್ವಯವಾಗುವುದು ಮೊದಲ ಸುತ್ತಿಗೆ ಮುನ್ನ ಒಂದೇ ಸಲ. ಆಂಡ್ರಾಯ್ಡ್‌ನ ಸ್ಟಾರ್ಟ್‌ಡಿಲೇ ಕೂಡ ಹಾಗೆಯೇ. ಸುತ್ತುಗಳ ನಡುವಿನ ವಿರಾಮವನ್ನು ಸುತ್ತಿನೊಳಗೇ ಸೇರಿಸಬೇಕು: ಒಟ್ಟು ಅವಧಿ 3 ಸೆಕೆಂಡು, ಅಲುಗಾಟವೆಲ್ಲ ಶೇ 33.3ರೊಳಗೆ, ಅಲ್ಲಿಂದ ಶೇ 100ರವರೆಗೆ ಒಂದೇ ಸ್ಥಿತಿ. ಇನ್ನೊಂದೆಡೆ, ಡಿಲೇಗೆ ಋಣಸಂಖ್ಯೆ ಕೊಡಬಹುದು ಎಂಬುದು ಹಲವರಿಗೆ ಹೊಳೆಯದ ಉಪಯುಕ್ತ ಸಂಗತಿ. ಒಂದರ ಹಿಂದೊಂದು ಕುಣಿಯುವ ಮೂರು ಚುಕ್ಕಿಗಳಿಗೆ 0, −160, −320 ಮಿಲಿಸೆಕೆಂಡು ಕೊಟ್ಟರೆ ಮೂರೂ ಮೊದಲ ಫ್ರೇಮ್‌ನಿಂದಲೇ ತಮ್ಮ ತಮ್ಮ ಹಂತದಲ್ಲಿರುತ್ತವೆ, ಯಾವುದೂ ಕಾಯುತ್ತಾ ನಿಲ್ಲುವುದಿಲ್ಲ.

ಎಣಿಕೆಯಲ್ಲೂ ಎಚ್ಚರ ಬೇಕು. ಸಿಎಸ್ಎಸ್‌ನಲ್ಲಿ 3 ಎಂದರೆ ಒಟ್ಟು ಮೂರು ಸುತ್ತು. ಆಂಡ್ರಾಯ್ಡ್‌ನ ರಿಪೀಟ್‌ಕೌಂಟ್ 3 ಎಂದರೆ ಮೊದಲನೆಯದನ್ನು ಬಿಟ್ಟು ಮೂರು, ಒಟ್ಟು ನಾಲ್ಕು. ಹೋಗಿ ಬರುವ ಚಲನೆಯಲ್ಲಿ ಹೋಗುವುದು ಒಂದು ಸುತ್ತು, ಬರುವುದು ಇನ್ನೊಂದು. ಅವಧಿ 1 ಸೆಕೆಂಡು ಎಂದು ಬರೆದ ಲೋಲಕ ಮೊದಲಿನ ಜಾಗಕ್ಕೆ ಮರಳಲು 2 ಸೆಕೆಂಡು ತೆಗೆದುಕೊಳ್ಳುತ್ತದೆ.

ಗಿಫ್ ಚಿತ್ರಗಳದ್ದು ಬೇರೆಯೇ ಲೆಕ್ಕ. ಅಲ್ಲಿ ಸಮಯದ ಅಳತೆ ಸೆಕೆಂಡಿನ ನೂರರಲ್ಲೊಂದು ಭಾಗ. ಬ್ರೌಸರ್‌ಗಳು 1 ಎಂಬ ಬೆಲೆಯನ್ನು ಒಪ್ಪದೆ ಅದನ್ನು 10ಕ್ಕೆ ಏರಿಸುತ್ತವೆ. ಹಾಗಾಗಿ ಅತಿವೇಗದ ಗಿಫ್ ಮಾಡಲು ಹೊರಟವರಿಗೆ ಸಿಗುವುದು ಸೆಕೆಂಡಿಗೆ 10 ಚಿತ್ರದ ಆಮೆನಡೆ. ಬೆಲೆ 2 ಕೊಟ್ಟರೆ ಸೆಕೆಂಡಿಗೆ 50 ಚಿತ್ರ, ಅದೇ ಗರಿಷ್ಠ.

ಓಡುವಾಗಲೇ ವೇಗ ಬದಲಿಸುವುದು

ಬಹಳ ಜನರ ತಲೆ ಕೆಡಿಸುವ ಭಾಗ ಇದು. ಮೇಲಿನ ಮೂರು ಹೆಜ್ಜೆಯ ಲೆಕ್ಕ ಅವಧಿ ಸ್ಥಿರವಾಗಿರುವವರೆಗೆ ಮಾತ್ರ ಸರಿ. 2 ಸೆಕೆಂಡಿನ ಚಕ್ರ 7ನೇ ಸೆಕೆಂಡಿನಲ್ಲಿ ಮೂರೂವರೆ ಸುತ್ತು ಮುಗಿಸಿ 180 ಡಿಗ್ರಿಯಲ್ಲಿರುತ್ತದೆ. ಆ ಕ್ಷಣ ಬಳಕೆದಾರರು ಸ್ಲೈಡರ್ ಎಳೆದು ಅವಧಿಯನ್ನು 3 ಸೆಕೆಂಡಿಗೆ ಬದಲಿಸಿದರೆ, ಹೊಸ ಲೆಕ್ಕದಲ್ಲಿ ಚಕ್ರ ಎರಡು ಸುತ್ತು ಮುಗಿಸಿ 120 ಡಿಗ್ರಿಯಲ್ಲಿರಬೇಕು. ಕಣ್ಣೆದುರೇ 60 ಡಿಗ್ರಿ ಹಿಂದಕ್ಕೆ ಜಿಗಿತ. ಓಡುತ್ತಿರುವ ಸಿಎಸ್ಎಸ್ ಅನಿಮೇಶನ್‌ನ ಅವಧಿ ಬದಲಿಸಿದಾಗಲೂ ಇದೇ ಜಿಗಿತ ಕಾಣುತ್ತದೆ.

ವೇಗ ಬದಲಾಗುವ ಕಡೆ ಸಮಯದ ಬದಲು ಹಂತವನ್ನೇ ಕೂಡಿಸಿಕೊಂಡು ಹೋಗಬೇಕು. ಹಿಂದಿನ ಫ್ರೇಮ್‌ನಿಂದ ಈ ಫ್ರೇಮ್‌ಗೆ ಕಳೆದ ಸಮಯವನ್ನು ಈಗಿನ ಅವಧಿಯಿಂದ ಭಾಗಿಸಿ, ಹಳೆಯ ಹಂತಕ್ಕೆ ಸೇರಿಸಿ, 1 ದಾಟಿದರೆ 1 ಕಳೆಯಿರಿ. ವೇಗ ಎಷ್ಟು ಸಲ ಬದಲಾದರೂ ಚಕ್ರ ಇದ್ದಲ್ಲಿಂದಲೇ ಮುಂದುವರಿಯುತ್ತದೆ. ವೇಗವನ್ನು ಸೊನ್ನೆ ಮಾಡಿದರೆ ಅದೇ ಪಾಜ್ ಬಟನ್. ಈ ವಿಧಾನದಲ್ಲಿ ಒಂದು ಕಾವಲು ಅಗತ್ಯ. ಲ್ಯಾಪ್‌ಟಾಪ್ ಮುಚ್ಚಿ ತೆರೆದಾಗ ಎರಡು ಫ್ರೇಮ್‌ಗಳ ನಡುವೆ ಗಂಟೆಗಳೇ ಕಳೆದಿರಬಹುದು. ಅಂತರ 100 ಮಿಲಿಸೆಕೆಂಡು ಮೀರಿದರೆ 100 ಎಂದೇ ಪರಿಗಣಿಸುವ ಮಿತಿ ಹಾಕಿದರೆ ಜಿಗಿತ ತಪ್ಪುತ್ತದೆ. ಸಿದ್ಧ ಸಾಧನ ಬೇಕೆನ್ನುವವರಿಗೆ ವೆಬ್ ಅನಿಮೇಶನ್ಸ್ ಎಪಿಐನ ಅಪ್‌ಡೇಟ್‌ಪ್ಲೇಬ್ಯಾಕ್‌ರೇಟ್ ಸ್ಥಾನ ಕೆಡಿಸದೆ ವೇಗ ಬದಲಿಸಿಕೊಡುತ್ತದೆ.

ಕನ್ನಡದ ಅಕ್ಷರ ಒಂದೊಂದಾಗಿ ಮೂಡುವಾಗ

ಟೈಪ್‌ರೈಟರ್‌ನಂತೆ ಅಕ್ಷರಗಳು ಮೂಡಿ, ಅಳಿಸಿ, ಮತ್ತೆ ಮೂಡುವ ಲೂಪ್ ಜಾಹೀರಾತುಗಳಲ್ಲಿ ಸಾಮಾನ್ಯ. ಇಂಗ್ಲಿಷ್‌ಗೆಂದು ಬರೆದ ಕೋಡ್‌ಗೆ ಕನ್ನಡ ಕೊಟ್ಟರೆ ತಾಳ ತಪ್ಪುತ್ತದೆ. ‘ಮನೆ’ ಎಂಬುದರಲ್ಲಿ ಎರಡು ಅಕ್ಷರ, ‘ರಾಷ್ಟ್ರ’ ಎಂಬುದರಲ್ಲೂ ಎರಡೇ ಅಕ್ಷರ. ಆದರೆ ಯೂನಿಕೋಡ್‌ನಲ್ಲಿ ಮೊದಲನೆಯದಕ್ಕೆ 3 ಸಂಕೇತ, ಎರಡನೆಯದಕ್ಕೆ 7. ಸಂಕೇತಕ್ಕೆ 100 ಮಿಲಿಸೆಕೆಂಡಿನಂತೆ ಲೂಪ್ ಓಡಿದರೆ ‘ಮನೆ’ 300 ಮಿಲಿಸೆಕೆಂಡಿನಲ್ಲೂ ‘ರಾಷ್ಟ್ರ’ 700 ಮಿಲಿಸೆಕೆಂಡಿನಲ್ಲೂ ಮೂಡುತ್ತವೆ. ನಡುವೆ ‘ರಾಷ’, ‘ರಾಷ್’, ‘ರಾಷ್ಟ’, ‘ರಾಷ್ಟ್’ ಎಂಬ ಅರೆಬರೆ ರೂಪಗಳೂ ಮಿಂಚಿ ಹೋಗುತ್ತವೆ. ಓದುವ ಕಣ್ಣಿಗೆ ಇದು ನಿಜಕ್ಕೂ ಹಿಂಸೆ.

ಪರಿಹಾರ ಕಷ್ಟದ್ದಲ್ಲ. ಲೂಪ್ ಶುರುವಾಗುವ ಮುನ್ನವೇ ಪಠ್ಯವನ್ನು ಅಕ್ಷರಗಳಾಗಿ ಒಡೆದಿಟ್ಟುಕೊಂಡು, ಸಮಯವನ್ನು ಆ ಅಕ್ಷರಗಳ ಮೇಲೆ ಹಂಚಬೇಕು. ಜಾವಾಸ್ಕ್ರಿಪ್ಟ್‌ನ ಇಂಟ್ಲ್ ಸೆಗ್ಮೆಂಟರ್ ಸ್ವರಚಿಹ್ನೆಯನ್ನು ವ್ಯಂಜನದಿಂದ ಬೇರ್ಪಡಿಸುವುದಿಲ್ಲ. ಒತ್ತಕ್ಷರದ ವಿಷಯದಲ್ಲಿ ಅದನ್ನೊಂದೇ ನಂಬದೆ, ಹಲಂತ ಚಿಹ್ನೆಯಲ್ಲಿ ಮುಗಿಯುವ ತುಂಡಿನ ಬೆನ್ನಿಗೇ ವ್ಯಂಜನ ಬಂದರೆ ಎರಡನ್ನೂ ಅಂಟಿಸುವ ನಿಯಮವನ್ನು ಸೇರಿಸಿಕೊಳ್ಳಿ. ‘ಬಸ್’ ಎಂಬಂತೆ ಪದವೇ ಅಲ್ಲಿ ಮುಗಿದರೆ ಅಂಟಿಸಲು ಮುಂದೆ ವ್ಯಂಜನ ಇರುವುದಿಲ್ಲ, ನಿಯಮ ತಾನಾಗಿ ಸುಮ್ಮನಾಗುತ್ತದೆ. ಸಾಲು ಸಾಲಾಗಿ ಸರಿಯುವ ಸುದ್ದಿಪಟ್ಟಿಯಲ್ಲೂ ಕನ್ನಡ ಪಠ್ಯವನ್ನು ಪ್ರತಿ ಫ್ರೇಮ್‌ಗೆ ಹೊಸದಾಗಿ ಜೋಡಿಸುವ ಬದಲು ಒಮ್ಮೆ ಚಿತ್ರವಾಗಿ ಬಿಡಿಸಿಟ್ಟು ಆ ಚಿತ್ರವನ್ನೇ ಸರಿಸಿದರೆ ಪ್ರೊಸೆಸರ್‌ನ ಹೊರೆ ಇಳಿಯುತ್ತದೆ.

ದಿನಗಟ್ಟಲೆ ಓಡುವ ಲೂಪ್, ಅದರ ಖರ್ಚು

ನಿಲ್ದಾಣ, ಆಸ್ಪತ್ರೆಗಳ ಫಲಕಗಳಲ್ಲಿ ಲೂಪ್ ವಾರಗಟ್ಟಲೆ ಓಡುತ್ತದೆ. ಕಳೆದ ಸೆಕೆಂಡುಗಳನ್ನು 32 ಬಿಟ್‌ನ ದಶಾಂಶ ಸಂಖ್ಯೆಯಲ್ಲಿ ಇಟ್ಟಿದ್ದರೆ 1,31,072 ಸೆಕೆಂಡು, ಅಂದರೆ ಸುಮಾರು 36 ಗಂಟೆ ಕಳೆದ ಮೇಲೆ ಅದು ಗುರುತಿಸಬಲ್ಲ ಅತಿ ಸಣ್ಣ ಅಂತರ 15.6 ಮಿಲಿಸೆಕೆಂಡು. ನಯವಾಗಿದ್ದ ಚಲನೆ ಎರಡನೆಯ ದಿನದಿಂದ ತಡವರಿಸುವುದಕ್ಕೆ ಇದೊಂದು ಕಾರಣ. 32 ಬಿಟ್‌ನ ಮಿಲಿಸೆಕೆಂಡ್ ಎಣಿಕೆಯಾದರೆ 49.7 ದಿನಕ್ಕೆ ತುಂಬಿ ಸೊನ್ನೆಗೆ ಮರಳುತ್ತದೆ. ವಿಂಡೋಸ್ 95 ಅಷ್ಟು ದಿನ ಓಡಿದ ಮೇಲೆ ಸ್ಥಗಿತಗೊಳ್ಳುತ್ತಿದ್ದುದು ಈ ಕಾರಣಕ್ಕೇ. 64 ಬಿಟ್‌ನಲ್ಲಿ ಲೆಕ್ಕ ಮಾಡಿ, ಶೇಷ ತೆಗೆದ ಮೇಲೆ ಸಿಕ್ಕ ಸಣ್ಣ ಸಂಖ್ಯೆಯನ್ನು ಮಾತ್ರ ಗ್ರಾಫಿಕ್ಸ್ ಕಾರ್ಡ್‌ಗೆ ಕಳಿಸಿ.

ಲೂಪ್ ಪುಕ್ಕಟೆಯೂ ಅಲ್ಲ. 2017ರ ಮಾರ್ಚ್‌ನಲ್ಲಿ ವಿಎಸ್ ಕೋಡ್ ಎಡಿಟರ್ ಏನೂ ಕೆಲಸವಿಲ್ಲದೆ ಸುಮ್ಮನೆ ತೆರೆದಿದ್ದರೂ ಪ್ರೊಸೆಸರ್‌ನ ಶೇ 13ರಷ್ಟು ತಿನ್ನುತ್ತಿದೆ ಎಂಬ ದೂರು ಬಂತು. ಕಾರಣ ಮಿನುಗುವ ಕರ್ಸರ್. ಅರ್ಧ ಸೆಕೆಂಡಿಗೊಮ್ಮೆ ಕಾಣಿಸಿ ಮರೆಯಾಗುವ ಒಂದು ಗೆರೆಗಾಗಿ ಸಿಎಸ್ಎಸ್ ಅನಿಮೇಶನ್ ಸೆಕೆಂಡಿಗೆ 60 ಸಲ ಎದ್ದು ಕೆಲಸ ಮಾಡುತ್ತಿತ್ತು. ತಂಡ ಅದನ್ನು 500 ಮಿಲಿಸೆಕೆಂಡಿನ ಸರಳ ಟೈಮರ್‌ಗೆ ಬದಲಿಸಿತು. ಟೈಮರ್ ಗೆಲ್ಲುವ ಸಂದರ್ಭ ಇದು: ಚಲನೆ ನಿರಂತರವಾಗಿಲ್ಲದೆ ಹೆಜ್ಜೆ ಹೆಜ್ಜೆಯಾಗಿದ್ದರೆ ಹೆಜ್ಜೆ ಬದಲಾಗುವಾಗ ಮಾತ್ರ ಎಚ್ಚರವಾದರೆ ಸಾಕು. ಜಿಟಿಕೆ ಲೈಬ್ರರಿ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಡೀಫಾಲ್ಟ್ ಆಗಿ 10 ಸೆಕೆಂಡು ಯಾರೂ ಏನೂ ಟೈಪ್ ಮಾಡದಿದ್ದರೆ ಕರ್ಸರ್ ಮಿನುಗುವುದನ್ನೇ ನಿಲ್ಲಿಸುತ್ತದೆ. ಪರದೆಯ ಮೇಲಿಂದ ವಿಜೆಟ್ ಹೋದಾಗ ಅದರ ಲೂಪನ್ನೂ ರದ್ದು ಮಾಡಬೇಕು. ಫ್ಲಟರ್‌ನಲ್ಲಿ ಕಂಟ್ರೋಲರನ್ನು ಡಿಸ್ಪೋಸ್ ಮಾಡಲು ಮರೆತರೆ ಕಾಣದ ಚಕ್ರ ಬ್ಯಾಟರಿ ತಿನ್ನುತ್ತಲೇ ಇರುತ್ತದೆ.

ಮನುಷ್ಯರ ಆರೋಗ್ಯದ ಮಾತು ಇದೆಲ್ಲಕ್ಕಿಂತ ದೊಡ್ಡದು. 1997ರ ಡಿಸೆಂಬರ್ 16ರಂದು ಜಪಾನಿನಲ್ಲಿ ಪ್ರಸಾರವಾದ ಪೊಕೆಮಾನ್ ಕಂತಿನಲ್ಲಿ ಕೆಂಪು, ನೀಲಿ ಬಣ್ಣಗಳು ಸೆಕೆಂಡಿಗೆ ಸುಮಾರು 12 ಸಲ ಮಿಂಚಿ 600ಕ್ಕೂ ಹೆಚ್ಚು ಮಂದಿ, ಬಹುಪಾಲು ಮಕ್ಕಳು, ಆಸ್ಪತ್ರೆ ಸೇರಿದರು. ಸೆಕೆಂಡಿಗೆ ಮೂರಕ್ಕಿಂತ ಹೆಚ್ಚು ಸಲ ಏನೂ ಮಿಂಚಬಾರದು. ತಾನಾಗಿ ಶುರುವಾಗಿ 5 ಸೆಕೆಂಡಿಗಿಂತ ಹೆಚ್ಚು ಕಾಲ ಬೇರೆ ವಿಷಯದ ಜೊತೆಜೊತೆಗೆ ಓಡುವ ಚಲನೆಯನ್ನು ನಿಲ್ಲಿಸುವ ದಾರಿ ಇರಬೇಕು. ಇವೆರಡೂ ವೆಬ್ ಸುಲಭಲಭ್ಯತೆಯ ಅಂತರರಾಷ್ಟ್ರೀಯ ಮಾರ್ಗಸೂಚಿಯಲ್ಲಿವೆ. ಐಫೋನ್, ಆಂಡ್ರಾಯ್ಡ್, ವಿಂಡೋಸ್ ಎಲ್ಲದರಲ್ಲೂ ಚಲನೆ ಕಡಿಮೆ ಮಾಡುವ ಸೆಟ್ಟಿಂಗ್ ಇದೆ, ಸಿಎಸ್ಎಸ್‌ನಲ್ಲಿ ಅದನ್ನು ‘ಪ್ರಿಫರ್ಸ್ ರೆಡ್ಯೂಸ್ಡ್ ಮೋಷನ್’ ಮೂಲಕ ಕೇಳಿ ತಿಳಿಯಬಹುದು. ಬಳಕೆದಾರರು ಬೇಡ ಎಂದ ಮೇಲೆ ಲೂಪ್ ಓಡಲೇಬಾರದು.

ಬಿಡುಗಡೆಗೆ ಮುನ್ನ ಒಂದು ಪರೀಕ್ಷೆ ಮಾಡಿ. 60 ಹರ್ಟ್ಸ್‌ನ ಒಂದು, 120 ಹರ್ಟ್ಸ್‌ನ ಒಂದು ಸಾಧನವನ್ನು ಅಕ್ಕಪಕ್ಕ ಇಟ್ಟು, ಸ್ಟಾಪ್‌ವಾಚ್ ಹಿಡಿದು ಲೂಪಿನ 60 ಸುತ್ತು ಎಣಿಸಿ. ನಡುವೆ ಒಮ್ಮೆ ಆ್ಯಪ್ ಮರೆಮಾಡಿ ಮತ್ತೆ ತನ್ನಿ, ಒಮ್ಮೆ ಭಾರದ ಕೆಲಸವೊಂದನ್ನು ಪಕ್ಕದಲ್ಲಿ ಓಡಿಸಿ. 1 ಸೆಕೆಂಡಿನ ಲೂಪ್ ಎರಡರಲ್ಲೂ ಗಡಿಯಾರದ ಜೊತೆಜೊತೆಗೇ ನಡೆದರೆ ಲೆಕ್ಕ ಸರಿ ಇದೆ. ಒಂದರಲ್ಲಿ 30 ಸೆಕೆಂಡಿಗೇ ಮುಗಿದರೆ, ಕೋಡ್‌ನ ಯಾವುದೋ ಮೂಲೆಯಲ್ಲಿ ಇನ್ನೂ ಫ್ರೇಮ್ ಎಣಿಕೆ ಉಳಿದಿದೆ. ಮೊದಲು ಅದನ್ನು ಹುಡುಕಿ ತೆಗೆಯಿರಿ.